ದಿನದ ಕಿರ್ದಿಯೋ, ಐದು ವರ್ಷದ ಗುತ್ತಿಗೆಯೋ?

ಶಾಸಕರನ್ನು ಬಸ್ಸಿನಲ್ಲಿ ತುಂಬಿ ರೆಸಾರ್ಟಿಗೆ ಸಾಗಿಸಿದ ಸುದ್ದಿ ಬಂದಾಗಲೆಲ್ಲ ನಮ್ಮ ಊರಿನ ಮಿಲ್ಲಿನ ಗೇಟಿನೆದುರಿಗೂ ಪೇಟೆಯ ಅಂಗಡಿ ಕಟ್ಟೆಗಳ ಮೇಲೂ ಒಂದೇ ಮಾತು ಕೇಳಿಬರುತ್ತದೆ. ಈ ಪಾರ್ಲಿಮೆಂಟು, ಅಸೆಂಬ್ಲಿಗಳ ಗೊಡವೆಯೇ ಬೇಡ. ಅಮೆರಿಕದಲ್ಲಿರುವಂತೆ ಒಬ್ಬ ಸಮರ್ಥನನ್ನು ಜನರೇ ನೇರವಾಗಿ ಆರಿಸಿ, ಐದು ವರ್ಷ ಯಾರೂ ಅಲುಗಾಡಿಸದಂತೆ ಕೂರಿಸಿಬಿಡಬೇಕು. ಬಡದೇಶ ಮುಂದೆ ಬರಬೇಕಾದರೆ ಬಲವಾದ ಕೈ ಬೇಕು ಎಂದು. ಈ ಮಾತನ್ನು ದೊಡ್ಡ ಮನುಷ್ಯರು ಮಾತ್ರ ಆಡುತ್ತಿಲ್ಲ. ನಮ್ಮ ಸಂಘದ ಸಂಗಾತಿಗಳೇ ಆಡುತ್ತಾರೆ, ಕಿರಾಣಿ ಅಂಗಡಿಯ ಬಂಧುಗಳೂ ಆಡುತ್ತಾರೆ. ಆದುದರಿಂದ ಇದು ನಕ್ಕು ತಳ್ಳಿಹಾಕುವ ಮಾತಲ್ಲ.

ಅವರ ಸಿಟ್ಟು ನ್ಯಾಯವಾದುದೇ. 2019ರ ಜುಲೈ ತಿಂಗಳಲ್ಲಿ ನಡೆದುದನ್ನು ಯಾರು ಮರೆತಾರು? ನಮ್ಮ ರಾಜ್ಯದ ಶಾಸಕರು ರಾಜೀನಾಮೆ ಬರೆದುಕೊಟ್ಟು ಮುಂಬಯಿಯ ಹೋಟೆಲಿನಲ್ಲಿ ಹೋಗಿ ಕುಳಿತರು. ಅವರನ್ನು ಆರಿಸಿ ಕಳುಹಿಸಿದ ಮತದಾರರು ಟೆಲಿವಿಷನ್ನಿನಲ್ಲಿ ಆ ಹೋಟೆಲಿನ ಬಾಗಿಲು ನೋಡುತ್ತ ಕುಳಿತರು. ಜುಲೈ 23ರಂದು ವಿಶ್ವಾಸಮತದ ಪರವಾಗಿ 99, ವಿರೋಧವಾಗಿ 105 ಮತ ಬಿದ್ದು ಸರಕಾರ ಉರುಳಿತು. ಇಂಥ ದನದ ಸಂತೆಯನ್ನು ಕಂಡವನಿಗೆ ಇಡೀ ಪದ್ಧತಿಯ ಮೇಲೆ ಹೇಸಿಗೆ ಹುಟ್ಟಿದರೆ ಆಶ್ಚರ್ಯವೇನು? ಆದರೂ ನೆಗಡಿ ಬಂದಿತೆಂದು ಮೂಗು ಕೊಯ್ದುಕೊಳ್ಳುವ ಮುಂಚೆ, ಆ ಇನ್ನೊಂದು ಪದ್ಧತಿ ನಮ್ಮಂಥ ಬಡದೇಶಗಳಲ್ಲಿ ಏನು ಮಾಡಿತೆಂಬುದನ್ನು ನೋಡುವುದು ಮೇಲು.

ಮೇಷ್ಟರಾಗಿದ್ದ ಕಾಲದಲ್ಲಿ ನಾವು ಪೌರನೀತಿಯ ಪಾಠಕ್ಕೆ ಮಕ್ಕಳಿಂದ ಎರಡು ಪಟ್ಟಿ ಬರೆಸುತ್ತಿದ್ದೆವು: ಅಧ್ಯಕ್ಷ ಪದ್ಧತಿಯ ಗುಣದೋಷಗಳು, ಪಾರ್ಲಿಮೆಂಟರಿ ಪದ್ಧತಿಯ ಗುಣದೋಷಗಳು. ಪರೀಕ್ಷೆಗೆ ಅಷ್ಟು ಸಾಕು, ಸಂಸಾರಸ್ಥನಿಗೆ ಸಾಲದು. ಅಂಗಡಿಯ ಲೆಕ್ಕ ಬಲ್ಲವರಿಗೆ ಇದನ್ನೇ ಬೇರೆ ರೀತಿಯಲ್ಲಿ ಹೇಳಬಹುದು. ಗುಮಾಸ್ತನ ಕೈಗೆ ಗಲ್ಲಾಪೆಟ್ಟಿಗೆ ಒಪ್ಪಿಸಿದ ಯಜಮಾನನಿಗೆ ಎರಡು ದಾರಿಗಳಿವೆ. ಪ್ರತಿ ಸಂಜೆ ಕಿರ್ದಿ ಪುಸ್ತಕ ತರಿಸಿ ನೋಡಿ, ಲೆಕ್ಕ ತಪ್ಪಿದರೆ ಅಂದೇ ಬೀಗದ ಕೈ ಹಿಂದಕ್ಕೆ ಪಡೆಯುವುದು ಒಂದು. ಐದು ವರ್ಷಕ್ಕೆ ಗುತ್ತಿಗೆ ಬರೆದುಕೊಟ್ಟು, ಗುತ್ತಿಗೆ ತೀರಿದ ದಿನ ಪೆಟ್ಟಿಗೆ ತೆರೆದು ನೋಡುವುದು ಇನ್ನೊಂದು. ಇಲ್ಲಿ ಯಜಮಾನನೆಂದರೆ ಜನ, ಗುಮಾಸ್ತನೆಂದರೆ ಸರಕಾರ. ಈ ಸಂಬಂಧವನ್ನು ತಲೆಕೆಳಗು ಮಾಡಿ ಯೋಚಿಸುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ.

1948ರ ನವೆಂಬರ್ 4ರಂದು ಸಂವಿಧಾನದ ಕರಡನ್ನು ಸಭೆಯ ಮುಂದಿಟ್ಟ ಡಾ. ಅಂಬೇಡ್ಕರ್ ಅವರ ವಾದದ ತಿರುಳೂ ಇದೇ. ಸರಕಾರಕ್ಕೆ ಸ್ಥಿರತೆಯೂ ಬೇಕು, ಹೊಣೆಗಾರಿಕೆಯೂ ಬೇಕು. ಎರಡನ್ನೂ ಸಮನಾಗಿ ಕೊಡುವ ಪದ್ಧತಿ ಈವರೆಗೆ ಸಿಕ್ಕಿಲ್ಲ. ಅಮೆರಿಕದ ಪದ್ಧತಿಯಲ್ಲಿ ಸ್ಥಿರತೆ ಹೆಚ್ಚು, ಬ್ರಿಟನ್ನಿನದರಲ್ಲಿ ಹೊಣೆಗಾರಿಕೆ ಹೆಚ್ಚು. ಅಲ್ಲಿ ಲೆಕ್ಕ ಕೇಳುವುದು ಚುನಾವಣೆ ಬಂದಾಗ. ಇಲ್ಲಿ ಪ್ರಶ್ನೆ, ಗೊತ್ತುವಳಿ, ನಿಲುವಳಿ ಸೂಚನೆ, ಅವಿಶ್ವಾಸಗಳ ಮೂಲಕ ದಿನದಿನವೂ ಕೇಳಬಹುದು. ಕರಡು ಹೊಣೆಗಾರಿಕೆಯನ್ನೇ ಆರಿಸಿಕೊಂಡಿದೆ ಎಂದರು ಅವರು. ಬೇರೆ ದಾರಿಯನ್ನು ಯಾರೂ ಹೇಳಲಿಲ್ಲವೆಂದೇನೂ ಅಲ್ಲ. ಸಂವಿಧಾನದಲ್ಲಿ ಸಮಾಜವಾದವೆಂಬ ಪದವೇ ಇರಬೇಕೆಂದು ಹೋರಾಡಿದ ಪ್ರೊ. ಕೆ. ಟಿ. ಶಾ ಅವರೇ, ಶಾಸಕಾಂಗ ಬೇರೆ ಕಾರ್ಯಾಂಗ ಬೇರೆ ಇರಬೇಕೆಂದು ಆ ಡಿಸೆಂಬರಿನಲ್ಲಿ ತಿದ್ದುಪಡಿ ತಂದರು. ಅಧಿಕಾರದ ಅಂಗಗಳು ಪರಸ್ಪರ ಜಗಳಾಡುವ ಏರ್ಪಾಡಿಗಿಂತ ಹೊಂದಿ ನಡೆಯುವ ಏರ್ಪಾಡು ಮೇಲೆಂದು ವಿರೋಧಿಸಿದವರಲ್ಲಿ ಮೈಸೂರಿನ ಕೆ. ಹನುಮಂತಯ್ಯನವರೂ ಒಬ್ಬರು. ತಿದ್ದುಪಡಿ ಬಿದ್ದುಹೋಯಿತು. ಮುಂದೆ ಅದೇ ಹನುಮಂತಯ್ಯನವರು ಮುಖ್ಯಮಂತ್ರಿಯಾಗಿ ವಿಧಾನಸೌಧ ಕಟ್ಟಿಸಿ, 1956ರಲ್ಲಿ ಸ್ವಂತ ಪಕ್ಷದ ಶಾಸಕರ ಬೆಂಬಲ ಕಳೆದುಕೊಂಡು ಇಳಿದುಹೋದರು. ಅಷ್ಟು ದೊಡ್ಡ ಕಟ್ಟಡ ಕಟ್ಟಿದವರನ್ನೂ ಪದ್ಧತಿ ಬಿಡಲಿಲ್ಲ, ರಕ್ತವೂ ಹರಿಯಲಿಲ್ಲ.

ಈ ಕಿರ್ದಿ ನೋಡುವ ಕೆಲಸದಿಂದ ಬಡವನಿಗೇನು ಬಂತು ಎಂದು ಕೇಳುವವರಿಗೆ ಹಳೆಯ ಎರಡು ಸಂಗತಿ ಹೇಳಬೇಕು. ಜೀವವಿಮಾ ನಿಗಮದಲ್ಲಿ ಜನ ಕಟ್ಟಿದ ಕಂತಿನ ಹಣದಲ್ಲಿ ಒಂದು ಕೋಟಿ ಇಪ್ಪತ್ತು ಲಕ್ಷ ರೂಪಾಯಿಗೂ ಮಿಕ್ಕಿದ್ದನ್ನು 1957ರಲ್ಲಿ ಹರಿದಾಸ್ ಮುಂಧ್ರಾ ಎಂಬ ಬಂಡವಲಿಗನ ಕಂಪನಿಗಳ ಷೇರಿಗೆ ಸುರಿಯಲಾಯಿತು. ಅದನ್ನು ಲೋಕಸಭೆಯಲ್ಲಿ ಎಳೆದು ಹೊರಗೆ ಹಾಕಿದವರು ಫಿರೋಜ್ ಗಾಂಧಿ. ಆಳುವ ಪಕ್ಷದ ಸದಸ್ಯರು, ಪ್ರಧಾನಮಂತ್ರಿಯ ಅಳಿಯ. ನ್ಯಾಯಮೂರ್ತಿ ಛಾಗ್ಲಾ ಅವರಿಂದ ಬಹಿರಂಗ ವಿಚಾರಣೆಯಾಗಿ, 1958ರ ಫೆಬ್ರವರಿಯಲ್ಲಿ ಅರ್ಥಮಂತ್ರಿ ಟಿ. ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಡಬೇಕಾಯಿತು. ಇನ್ನೊಂದು 1963ರ ಆಗಸ್ಟಿನದು. ಉಪಚುನಾವಣೆಯಲ್ಲಿ ಗೆದ್ದು ಆಗತಾನೆ ಲೋಕಸಭೆಗೆ ಬಂದಿದ್ದ ಡಾ. ಲೋಹಿಯಾ ಅವರು ನೆಹರೂ ಸರಕಾರದ ಮೇಲಿನ ಅವಿಶ್ವಾಸದ ಚರ್ಚೆಯಲ್ಲಿ ಎದ್ದು, ಈ ದೇಶದ 27 ಕೋಟಿ ಜನ ದಿನಕ್ಕೆ ಮೂರು ಆಣೆಯಲ್ಲಿ ಬದುಕುತ್ತಿದ್ದಾರೆ, ಪ್ರಧಾನಿಯ ಮೇಲೆ ದಿನಕ್ಕೆ 25 ಸಾವಿರ ರೂಪಾಯಿ ಖರ್ಚಾಗುತ್ತಿದೆ ಎಂದರು. ಮೂರಾಣೆಯಲ್ಲ, ಹದಿನೈದಾಣೆ ಎಂದು ಸರಕಾರ ಲೆಕ್ಕ ಕೊಟ್ಟಿತು. ಗೊತ್ತುವಳಿಗೆ ಬಿದ್ದುದು 62 ಮತ, ವಿರೋಧವಾಗಿ 347. ಸೋಲು ಮೊದಲೇ ಗೊತ್ತಿತ್ತು. ಆದರೆ ದೇಶದ ಅತಿ ಜನಪ್ರಿಯ ನಾಯಕ ಎದುರಿಗೆ ಕುಳಿತು ಕೇಳಲೇಬೇಕಾಯಿತು, ಬಡವನ ಕೂಲಿ ಎಷ್ಟಾಣೆಯೆಂಬುದಕ್ಕೆ ಉತ್ತರ ಕೊಡಲೇಬೇಕಾಯಿತು. ಅಮೆರಿಕದ ಅಧ್ಯಕ್ಷನಿಗೆ ಅಲ್ಲಿನ ಪಾರ್ಲಿಮೆಂಟಿನಲ್ಲಿ ಹೀಗೆ ನಿಂತು ಸದಸ್ಯರ ಪ್ರಶ್ನೆಗೆ ಉತ್ತರಿಸುವ ಕಟ್ಟಳೆಯಿಲ್ಲ.

ಅಲ್ಲಿ ಇನ್ನೊಂದು ತೊಡಕುಂಟು. ಅಧ್ಯಕ್ಷನಿಗೂ ಸಭೆಗೂ ಜಗಳ ಬಿದ್ದು ಖರ್ಚಿನ ಮಂಜೂರಾತಿ ನಿಂತರೆ ಇಬ್ಬರೂ ಮನೆಗೆ ಹೋಗುವುದಿಲ್ಲ. ಸಂಬಳವಿಲ್ಲದೆ ಮನೆಯಲ್ಲಿ ಕೂರುವವನು ನೌಕರ. 2018ರ ಡಿಸೆಂಬರಿನಿಂದ 2019ರ ಜನವರಿವರೆಗೆ 35 ದಿನ ಸುಮಾರು ಎಂಟು ಲಕ್ಷ ನೌಕರರ ಸಂಬಳ ನಿಂತಿತು. 2025ರಲ್ಲಿ ಮತ್ತೆ 43 ದಿನ ಸರಕಾರದ ಬಾಗಿಲು ಹಾಕಿತ್ತು. ನಮ್ಮಲ್ಲಾದರೆ ಆಯವ್ಯಯ ಸೋತ ಸರಕಾರ ಅಂದೇ ಇಳಿಯುತ್ತದೆ. ಅಮೆರಿಕ ಸಿರಿವಂತ ದೇಶ, ತಾಳಿಕೊಂಡೀತು.

ತಾಳಿಕೊಳ್ಳಲಾರದ ದೇಶ ನಮ್ಮ ನೆರೆಯಲ್ಲೇ ಇದೆ. ಸಿಂಹಳದ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇವೆ. ಏಕೆಂದರೆ ನಮ್ಮ ಗೆಳೆಯರು ಕೇಳುತ್ತಿರುವುದನ್ನೇ ಅವರು ಮಾಡಿ ನೋಡಿದರು. ಸ್ವಾತಂತ್ರ್ಯ ಬಂದ ಮೇಲೆ ಮೂವತ್ತು ವರ್ಷ ಅವರದೂ ನಮ್ಮಂಥದೇ ಪಾರ್ಲಿಮೆಂಟು. ಸರಕಾರಗಳು ಬದಲಾದವು, ಆದರೆ ಮತಪೆಟ್ಟಿಗೆಯಿಂದಲೇ ಬದಲಾದವು. 1977ರಲ್ಲಿ ಜಯವರ್ಧನೆಯವರ ಪಕ್ಷ 168 ಸ್ಥಾನಗಳಲ್ಲಿ 140 ಗೆದ್ದಿತು. ದೇಶ ಬೇಗ ಬೆಳೆಯಬೇಕು, ಬಂಡವಾಳ ಬರಬೇಕು, ಅದಕ್ಕೆ ಸದಸ್ಯರ ಕ್ಷಣಕ್ಷಣದ ಚಿತ್ತಕ್ಕೆ ಸಿಗದ ಸ್ಥಿರ ಅಧಿಕಾರ ಬೇಕು ಎಂದು 1978ರಲ್ಲಿ ಹೊಸ ಸಂವಿಧಾನ ತಂದು ಅವರು ಸರ್ವಾಧಿಕಾರವುಳ್ಳ ಅಧ್ಯಕ್ಷರಾದರು. ಅಧ್ಯಕ್ಷನನ್ನು ಇಳಿಸಬೇಕಾದರೆ ಆರೋಪ ಹೊರಿಸಿ, ಸುಪ್ರೀಂ ಕೋರ್ಟಿನಲ್ಲಿ ವಿಚಾರಣೆಯಾಗಿ, ಮೇಲೆ ಪಾರ್ಲಿಮೆಂಟಿನ ಮೂರನೇ ಎರಡರಷ್ಟು ಮತ ಬೀಳಬೇಕು.

ಆ ಬಲವಾದ ಕೈ ಮೊದಲು ಬಿದ್ದುದು ಯಾರ ಕೆನ್ನೆಗೆ? 1980ರ ಜುಲೈನಲ್ಲಿ ಬೆಲೆಯೇರಿಕೆಯಿಂದ ಬೆಂದ ಕೆಲಸಗಾರರು ತಿಂಗಳಿಗೆ 300 ರೂಪಾಯಿ ಹೆಚ್ಚಿಗೆ ಕೇಳಿ ಮುಷ್ಕರ ಹೂಡಿದರು. ಸರಕಾರ ತುರ್ತುಪರಿಸ್ಥಿತಿ ಸಾರಿ ಸುಮಾರು 40 ಸಾವಿರ ಮಂದಿಯನ್ನು ಕೆಲಸದಿಂದ ಕಿತ್ತುಹಾಕಿತು. ಪಾರ್ಲಿಮೆಂಟಿನ ಸದಸ್ಯರು ಏನು ಮಾಡಿದರೆನ್ನುವಿರಾ? 1982ರಲ್ಲಿ ಅಧ್ಯಕ್ಷರು ತಮ್ಮ ಪಕ್ಷದ ಸದಸ್ಯರಿಂದ ತಾರೀಖು ಹಾಕದ ರಾಜೀನಾಮೆ ಪತ್ರಗಳನ್ನು ಬರೆಸಿ ಇಟ್ಟುಕೊಂಡಿದ್ದರು! ಅದೇ ಡಿಸೆಂಬರಿನಲ್ಲಿ, ಚುನಾವಣೆಯನ್ನೇ ನಡೆಸದೆ, ಜನಮತಗಣನೆಯ ನೆವದಲ್ಲಿ ಪಾರ್ಲಿಮೆಂಟಿನ ಅವಧಿಯನ್ನು ಮತ್ತೆ ಆರು ವರ್ಷ ಎಳೆದರು. ಕೆಲಸಕ್ಕೆ ಸೇರಿಸುವಾಗಲೇ ಖಾಲಿ ಕಾಗದಕ್ಕೆ ರುಜು ಹಾಕಿಸಿಕೊಳ್ಳುವ ಮಾಲೀಕರನ್ನು ನಮ್ಮ ಮಿಲ್ಲಿನ ಬಂಧುಗಳು ಬಲ್ಲರು.

ಈ ಪದವಿಯನ್ನು ರದ್ದು ಮಾಡುತ್ತೇವೆಂದು ಮತ ಕೇಳಿದವರಿಗೂ ಅಲ್ಲಿ ಕೊರತೆಯಿಲ್ಲ. 1994ರಲ್ಲಿ ಚಂದ್ರಿಕಾ ಕುಮಾರತುಂಗ ಮಾತು ಕೊಟ್ಟು ಹನ್ನೊಂದು ವರ್ಷ ಅದೇ ಕುರ್ಚಿಯಲ್ಲಿ ಕುಳಿತರು. 2005ರಲ್ಲಿ ಮಹಿಂದ ರಾಜಪಕ್ಸೆ ಮಾತು ಕೊಟ್ಟು, 2010ರಲ್ಲಿ ಎರಡು ಅವಧಿಯ ಮಿತಿಯನ್ನೇ ಕಿತ್ತುಹಾಕಿದರು. 2015ರಲ್ಲಿ ಅಧಿಕಾರ ಸ್ವಲ್ಪ ಕತ್ತರಿಸಲ್ಪಟ್ಟಿತು. 2020ರಲ್ಲಿ ಗೋಟಬಯ ರಾಜಪಕ್ಸೆ ಕತ್ತರಿಸಿದ್ದನ್ನು ಮತ್ತೆ ಹೊಲಿಸಿಕೊಂಡರು. ಮರುವರ್ಷ, 2021ರ ಏಪ್ರಿಲ್ ಕೊನೆಗೆ, ರಾಸಾಯನಿಕ ಗೊಬ್ಬರದ ಆಮದನ್ನು ಒಂದೇ ಏಟಿಗೆ ನಿಲ್ಲಿಸಿದರು. ರೈತರನ್ನು ಕೇಳಲಿಲ್ಲ, ಕೃಷಿ ಬಲ್ಲವರು ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಭತ್ತದ ಬೆಳೆ ಕುಸಿಯಿತು. ನವೆಂಬರಿನಲ್ಲಿ ಆಜ್ಞೆ ಹಿಂದಕ್ಕೆ ಬರುವ ಹೊತ್ತಿಗೆ ಹಂಗಾಮು ಕೈಮೀರಿತ್ತು. 2022ರ ಏಪ್ರಿಲ್ 12ರಂದು ಹೊರದೇಶದ ಸಾಲ ತೀರಿಸಲಾರೆವೆಂದು ಸರಕಾರ ಕೈಯೆತ್ತಿತು. ಸೀಮೆಎಣ್ಣೆಗೆ, ಗ್ಯಾಸಿಗೆ, ಪೆಟ್ರೋಲಿಗೆ ಮೈಲುದ್ದ ಸಾಲು, ಔಷಧಿಯಿಲ್ಲದ ಆಸ್ಪತ್ರೆ.

ಈಗ ಪದ್ಧತಿಯ ಕೀಲು ಎಲ್ಲಿ ಕಚ್ಚಿಕೊಂಡಿತೆಂಬುದನ್ನು ಓದುಗರು ಗಮನಿಸಬೇಕು. ಏಪ್ರಿಲಿನಲ್ಲಿ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು. ಮೇ 9ರಂದು ಪ್ರಧಾನಮಂತ್ರಿ ರಾಜೀನಾಮೆ ಕೊಟ್ಟರು. ಆದರೆ ತಪ್ಪು ಮಾಡಿದ ಅಧ್ಯಕ್ಷರು ಮಾತ್ರ ಅಲ್ಲೇ ಇದ್ದರು, ಏಕೆಂದರೆ ಗುತ್ತಿಗೆ 2024ರ ತನಕ ಇತ್ತು. ಜುಲೈ 9ರಂದು ಜನಸಮುದ್ರ ಅಧ್ಯಕ್ಷರ ಅರಮನೆಗೆ ನುಗ್ಗಬೇಕಾಯಿತು. 13ರಂದು ಅವರು ಸೈನ್ಯದ ವಿಮಾನದಲ್ಲಿ ದೇಶ ಬಿಟ್ಟು ಓಡಬೇಕಾಯಿತು. ರಾಜೀನಾಮೆ ಪರದೇಶದಿಂದ ಬಂತು. ಅದೇ ಜುಲೈ 7ರಂದು ಲಂಡನ್ನಿನಲ್ಲಿ ಬೋರಿಸ್ ಜಾನ್ಸನ್ ಎಂಬ ಪ್ರಧಾನಿ ತಮ್ಮ ಮಂತ್ರಿಗಳೇ ಒಬ್ಬೊಬ್ಬರಾಗಿ ಬಿಟ್ಟುಹೋದ ಮೇಲೆ ರಾಜೀನಾಮೆ ಸಾರಿದರು. ಅಲ್ಲಿ ಯಾರ ಮನೆಯ ಬಾಗಿಲೂ ಮುರಿಯಲಿಲ್ಲ. ಬ್ರಿಟನ್ ಏಕೆ, ನಮ್ಮ ದೇಶದಲ್ಲೇ 1999ರ ಏಪ್ರಿಲ್ 17ರಂದು ವಾಜಪೇಯಿಯವರ ಸರಕಾರ ಒಂದೇ ಒಂದು ಮತದಿಂದ ಸೋತಿತು. ಕೊಲಂಬೋದ ಬಡವ ಅರಮನೆಗೆ ನುಗ್ಗಿ ಮಾಡಿದ್ದನ್ನು ಇಲ್ಲಿ ಸದಸ್ಯನೊಬ್ಬನ ಬೆರಳು ಮಾಡಿತು. ಕೊಲಂಬೋದಲ್ಲಿ 2024ರಲ್ಲಿ ಗೆದ್ದ ದಿಸ್ಸಾನಾಯಕೆಯವರ ಪಕ್ಷವೂ ಆ ಪದವಿಯನ್ನು ತೆಗೆಯುವ ಮಾತು ಕೊಟ್ಟೇ ಗೆದ್ದಿತು.

ಒಂದೇ ದೇಶದ ಸಂಗತಿ ಹೇಳಿ ನ್ಯಾಯ ತೀರಿಸಬಾರದೆನ್ನುವವರು ಪಾಕಿಸ್ತಾನವನ್ನು ನೋಡಲಿ. ಅಲ್ಲಿ 1947ರಿಂದ 1958ರೊಳಗೆ ಏಳು ಪ್ರಧಾನಿಗಳು ಬಂದುಹೋದರು. ಪಾರ್ಲಿಮೆಂಟರಿ ಪದ್ಧತಿ ಒಗ್ಗದೆಂದು ಅಯೂಬ್ ಖಾನರು ಹೇಳಿದರು. ಆ ಹನ್ನೊಂದು ವರ್ಷದಲ್ಲಿ ಒಂದು ಸಾರ್ವತ್ರಿಕ ಚುನಾವಣೆಯಾದರೂ ನಡೆದಿತ್ತೆ? ಇಲ್ಲ. ಒಲೆ ಹಚ್ಚದೆ ಅಕ್ಕಿ ಬೇಯಲಿಲ್ಲವೆಂದರೆ ತಪ್ಪು ಅಕ್ಕಿಯದಲ್ಲ. 1962ರ ಅವರ ಸಂವಿಧಾನದಲ್ಲಿ ಅಧ್ಯಕ್ಷನನ್ನು ಆರಿಸುವವರು 80 ಸಾವಿರ ಮಂದಿ ಮಾತ್ರ. ದೇಶ ಭರದಿಂದ ಬೆಳೆಯುತ್ತಿದೆಯೆಂದು ಪರದೇಶದವರೂ ಹೊಗಳಿದರು. 1968ರಲ್ಲಿ ಅವರದೇ ಯೋಜನಾ ಆಯೋಗದ ಅರ್ಥಶಾಸ್ತ್ರಜ್ಞ ಮಹಬೂಬ್ ಉಲ್ ಹಕ್ ಲೆಕ್ಕ ಹೇಳಿದರು: ಕೈಗಾರಿಕೆಯ ಮೂರನೇ ಎರಡು ಪಾಲು 22 ಮನೆತನಗಳ ಕೈಯಲ್ಲಿದೆ! ಮರುವರ್ಷ ಅಯೂಬ್ ಖಾನರು ಬೀದಿಯ ಸಿಟ್ಟಿಗೆ ಇಳಿದು, ಅಧಿಕಾರವನ್ನು ಜನರಿಗಲ್ಲ, ಇನ್ನೊಬ್ಬ ದಳಪತಿಗೆ ಕೊಟ್ಟುಹೋದರು.

ಬಂಡವಲಿಗರ ಕೈಗೊಂಬೆಗಳು ಹಾಗೆ ಮಾಡಿಯಾರು, ಸಮಾಜವಾದಿ ನಾಯಕನ ಕೈಗೆ ಕೊಟ್ಟರೆ ಬೇರೆಯಲ್ಲವೆ ಎಂದು ನಮ್ಮ ಎಳೆಯ ಸಂಗಾತಿಗಳು ಕೇಳುತ್ತಾರೆ. ಘಾನಾದ ಎನ್‌ಕ್ರೂಮಾ ಸಮಾಜವಾದಿಯೇ. 1960ರಲ್ಲಿ ಅವರು ಪಾರ್ಲಿಮೆಂಟರಿ ಪದ್ಧತಿ ಬಿಟ್ಟು ಅಧ್ಯಕ್ಷರಾದರು. 1961ರಲ್ಲಿ ಸೆಕೊಂಡಿ-ಟಕೊರಾಡಿಯ ರೈಲ್ವೆ ಮತ್ತು ಬಂದರು ಕೆಲಸಗಾರರು ಆಯವ್ಯಯದ ಹೊರೆಗೆ ವಿರೋಧವಾಗಿ ಮುಷ್ಕರ ಹೂಡಿದಾಗ ಅವರ ಮುಂದಾಳುಗಳನ್ನು ವಿಚಾರಣೆಯಿಲ್ಲದೆ ಸೆರೆಗೆ ಹಾಕಿದರು. 1964ರಲ್ಲಿ ಒಂದೇ ಪಕ್ಷ. 1966ರಲ್ಲಿ ಅವರು ಹೊರದೇಶದಲ್ಲಿದ್ದಾಗ ಸೈನ್ಯ ಬಂತು. ಸೆರೆಯಲ್ಲಿದ್ದ ಕೆಲಸಗಾರನಿಗೆ ಬೀಗ ಹಾಕಿದವನ ಸಿದ್ಧಾಂತದಿಂದ ಏನು ಸಮಾಧಾನ?

ಎದುರು ಪಕ್ಷದ ಬಲವಾದ ವಾದವನ್ನೂ ಹೇಳಬೇಕು. ಬ್ರೆಜಿಲಿನಲ್ಲಿ ಲೋಹದ ಕಾರ್ಖಾನೆಯ ಕೆಲಸಗಾರ ಲೂಲಾ ಮೂರು ಸಲ ಸೋತು ನಾಲ್ಕನೆಯ ಸಲ, 2002ರಲ್ಲಿ, ನೇರ ಚುನಾವಣೆಯಲ್ಲೇ ಅಧ್ಯಕ್ಷರಾದರು. ಜಾತಿಗೊಬ್ಬ, ಜಿಲ್ಲೆಗೊಬ್ಬ ಎಂದು ಮಂತ್ರಿಗಿರಿ ಹಂಚುವ ನಮ್ಮ ಪದ್ಧತಿಯಲ್ಲಿ ನೂಲು ಖಾತೆಯ ಕೆಲಸಗಾರನೊಬ್ಬ ಹಾಗೆ ಮೇಲೇರಿದ್ದನ್ನು ನಾವು ಕಾಣಲಿಲ್ಲ. ಇದು ನಿಜ, ನಮಗೆ ನೋವಿನ ನಿಜ. ಆದರೆ ಸದಸ್ಯರ ವ್ಯಾಪಾರಕ್ಕೆ ಹೇಸಿ ಆ ಪದ್ಧತಿ ಬಯಸುವವರು ಮುಂದಿನದನ್ನೂ ಕೇಳಬೇಕು. ಲೂಲಾರ ಪಕ್ಷಕ್ಕೆ ಕೆಳಮನೆಯ 513 ಸ್ಥಾನಗಳಲ್ಲಿ ಸಿಕ್ಕಿದ್ದು 91 ಮಾತ್ರ. ಕಾನೂನು ಪಾಸಾಗಲು ಬೇರೆ ಪಕ್ಷಗಳ ಸದಸ್ಯರಿಗೆ ತಿಂಗಳ ಸಂಬಳದಂತೆ ಗುಟ್ಟಾಗಿ ಹಣ ಹಂಚಿದರೆಂಬ ಹಗರಣ 2005ರಲ್ಲಿ ಹೊರಬಿದ್ದು, 2012ರಲ್ಲಿ ಅವರ ಪಕ್ಷದ ದೊಡ್ಡ ಮುಂದಾಳುಗಳಿಗೆ ಶಿಕ್ಷೆಯಾಯಿತು. ಸಂತೆ ಅಲ್ಲೂ ಇದೆ. ಸರಕು ಕೊಳ್ಳುವ ಹೊತ್ತು ಮಾತ್ರ ಬೇರೆ.

ಕನ್ನಡಿಗರಾದ ನಮಗೆ ಇನ್ನೊಂದು ಲೆಕ್ಕವುಂಟು. ಲೋಕಸಭೆಯ 543 ಸ್ಥಾನಗಳಲ್ಲಿ ನಮ್ಮವು 28. ಇಡೀ ದೇಶವೇ ಒಂದು ಕ್ಷೇತ್ರವಾದರೆ ಅಭ್ಯರ್ಥಿಯ ಹೆಸರನ್ನು ಊರೂರಿಗೆ ಮುಟ್ಟಿಸಲು ಎಷ್ಟು ಹಣ ಬೇಕು, ಆ ಹಣ ಯಾರ ತಿಜೋರಿಯಿಂದ ಬಂದೀತು, ಯಾವ ಭಾಷೆಯಲ್ಲಿ ಮಾತನಾಡಿದವನು ಗೆದ್ದಾನು? ಹಾಸನ ಜಿಲ್ಲೆಯ ರೈತನ ಮಗ ದೇವೇಗೌಡರು 1996ರಲ್ಲಿ ಪ್ರಧಾನಿಯಾದುದು ಸಣ್ಣ ಪಕ್ಷಗಳು ಕೂಡಿ ಕುಳಿತು ಒಪ್ಪಿದ್ದರಿಂದ. ಹತ್ತೇ ತಿಂಗಳು ಬಾಳಿತೆಂದು ನಗುವವರು ನಗಲಿ. ನೇರ ಚುನಾವಣೆಯಾಗಿದ್ದರೆ ಹತ್ತು ದಿನವೂ ಸಿಕ್ಕುತ್ತಿರಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ನಮ್ಮ ಕಿರ್ದಿ ಪುಸ್ತಕ ಈಗ ಯಾವ ಸ್ಥಿತಿಯಲ್ಲಿದೆಯೆಂಬುದನ್ನು ಮುಚ್ಚಿಟ್ಟರೆ ಅದು ವಂಚನೆಯಾದೀತು. 1975ರ ಜೂನ್ 25ರ ತುರ್ತುಪರಿಸ್ಥಿತಿ ಬಂದುದು ಪಾರ್ಲಿಮೆಂಟಿನ ದೇಶದಲ್ಲೇ. ಆ ದಿನಗಳಲ್ಲಿ ಅಧ್ಯಕ್ಷ ಪದ್ಧತಿ ತರಬೇಕೆಂಬ ಹೆಸರಿಲ್ಲದ ಕರಡೊಂದು ದಿಲ್ಲಿಯಲ್ಲಿ ಓಡಾಡಿತೆಂಬುದನ್ನೂ ಮರೆಯಬಾರದು: ಬಲವಾದ ಕೈಗೆ ಇದ್ದ ಬಲ ಸಾಲದಾಗಿತ್ತು. ಬೆಂಗಳೂರಿನ ಸೆರೆಮನೆಯಲ್ಲಿ ನರಳಿ ಹೊರಬಂದ ಸ್ನೇಹಲತಾ ರೆಡ್ಡಿಯವರು 1977ರ ಜನವರಿಯಲ್ಲಿ ತೀರಿಕೊಂಡರು.

ಅನಂತರವೂ ಪುಸ್ತಕದ ಹಾಳೆಗಳು ಕಿತ್ತುಹೋಗುತ್ತಲೇ ಇವೆ. 2016ರ ನವೆಂಬರ್ 8ರ ರಾತ್ರಿ 500, 1000ದ ನೋಟುಗಳು ರದ್ದಾದಾಗ ಚಲಾವಣೆಯ ಹಣದಲ್ಲಿ ನೂರಕ್ಕೆ 86 ಪಾಲು ಕಾಗದವಾಯಿತು. ಪೇಟೆಯ ಸಣ್ಣ ವರ್ತಕರಿಗೆ ಆ ವಾರಗಳನ್ನು ನಾವು ನೆನಪಿಸಬೇಕಾಗಿಲ್ಲ. ಪಾರ್ಲಿಮೆಂಟು ಸೇರಿದ್ದು ಎಂಟು ದಿನ ಕಳೆದು. 2023ರ ಜನವರಿ 2ರಂದು ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ಅದನ್ನು ಎತ್ತಿಹಿಡಿದರು. ಇಂಥ ಕೆಲಸ ಪಾರ್ಲಿಮೆಂಟಿನ ಕಾನೂನಿನಿಂದ ಆಗಬೇಕಿತ್ತೆಂದು ಭಿನ್ನವಾಗಿ ಬರೆದವರು ನಮ್ಮ ನಾಡಿನ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಒಬ್ಬರೇ. ಇನ್ನು ಮಿಲ್ಲಿನ ಬಂಧುಗಳಿಗೆ: 300ಕ್ಕಿಂತ ಕಡಿಮೆ ಜನರಿರುವ ಕಾರ್ಖಾನೆಯನ್ನು ಸರಕಾರದ ಅಪ್ಪಣೆಯಿಲ್ಲದೆ ಮುಚ್ಚಬಹುದೆಂಬ ಕಾನೂನು ಪಾಸಾದುದು 2020ರ ಸೆಪ್ಟೆಂಬರಿನಲ್ಲಿ. ಹಿಂದೆ ಈ ಮಿತಿ 100 ಇತ್ತು. ಸಾಂಕ್ರಾಮಿಕದ ಕಾರಣ ಹೇಳಿ ಆ ಅಧಿವೇಶನದಲ್ಲಿ ಪ್ರಶ್ನೋತ್ತರದ ವೇಳೆಯನ್ನೇ ಕೈಬಿಡಲಾಗಿತ್ತು. ವಿರೋಧ ಪಕ್ಷಗಳು ಸಭೆಯಿಂದ ಹೊರಗಿದ್ದವು. ಅಂದರೆ ಕೆಲಸಗಾರನ ಅನ್ನದ ಪ್ರಶ್ನೆ ಪ್ರಶ್ನೆಯೇ ಇಲ್ಲದ ಸಭೆಯಲ್ಲಿ ತೀರ್ಮಾನವಾಯಿತು.

ಇದಕ್ಕೆ ಮದ್ದು ಬೀಗದ ಕೈಯನ್ನು ಐದು ವರ್ಷಕ್ಕೆ ಬರೆದುಕೊಡುವುದೇ? ಕಿರ್ದಿ ಬರೆಯದ ಗುಮಾಸ್ತನಿಗೆ, ಇನ್ನು ಮೇಲೆ ನೀನು ಬರೆಯಲೇಬೇಡ ಎಂದಂತಾಯಿತು! ಮಾಡಬೇಕಾದುದು ಬೇರೆ. 1985ರ ಪಕ್ಷಾಂತರ ಕಾನೂನು ಕೊಳ್ಳುವವರನ್ನು ತಡೆಯಲಿಲ್ಲ, ಪ್ರಾಮಾಣಿಕನ ಬಾಯಿಗೆ ಬೀಗ ಹಾಕಿತು. ಇಂದು ಆಳುವ ಪಕ್ಷದಲ್ಲಿ ಫಿರೋಜ್ ಗಾಂಧಿಯಂಥವರೊಬ್ಬರಿದ್ದು ಮಸೂದೆಯೊಂದಕ್ಕೆ ವಿರೋಧವಾಗಿ ಮತ ಹಾಕಿದರೆ ಸದಸ್ಯತ್ವ ಹೋದೀತು. ಪಕ್ಷದ ವಿಪ್ ವಿಶ್ವಾಸಮತಕ್ಕೂ ಹಣಕಾಸಿನ ಮಸೂದೆಗೂ ಮಾತ್ರ ಸೀಮಿತವಾಗಲಿ. ರಾಜೀನಾಮೆ ಕೊಟ್ಟು ಬೇರೆ ಪಕ್ಷಕ್ಕೆ ಹಾರಿದವನು ಆ ಸಭೆಯ ಅವಧಿ ಮುಗಿಯುವ ತನಕ ಮಂತ್ರಿಯಾಗದಿರಲಿ. ಸರಕಾರ ಕೆಡವುವವರು ಮುಂದಿನ ನಾಯಕನ ಹೆಸರನ್ನೂ ಅದೇ ಗೊತ್ತುವಳಿಯಲ್ಲಿ ಹೇಳಬೇಕೆಂಬ ನಿಯಮ ಜರ್ಮನಿಯಲ್ಲಿ 1949ರಿಂದ ಇದೆ. ಸ್ಥಿರತೆ ಬೇಕೆನ್ನುವವರು ಅದನ್ನು ಕೇಳಲಿ. ಮತ್ತು ಬಹುಮತ ತೀರ್ಮಾನವಾಗುವುದು ರಾಜಭವನದಲ್ಲಲ್ಲ, ಸಭೆಯ ನೆಲದ ಮೇಲೆ. 1989ರಲ್ಲಿ ಹಾಗೆ ವಜಾ ಆದ ನಮ್ಮ ಎಸ್. ಆರ್. ಬೊಮ್ಮಾಯಿಯವರ ಮೊಕದ್ದಮೆಯಲ್ಲೇ ಸುಪ್ರೀಂ ಕೋರ್ಟು 1994ರಲ್ಲಿ ಅದನ್ನು ಹೇಳಿಯಾಗಿದೆ.

ಇವೆಲ್ಲ ದಿಲ್ಲಿಯ ಮಾತಾಯಿತು. ನಮ್ಮ ಕೈಗೆಟಕುವುದೂ ಒಂದುಂಟು. ಕರ್ನಾಟಕದ ಶಾಸಕಾಂಗ ವರ್ಷಕ್ಕೆ 60 ದಿನವಾದರೂ ಸಭೆ ಸೇರಬೇಕೆಂದು 2005ರಲ್ಲಿ ಕಾನೂನಾಗಿದೆ. ಮಾಡಿದವರು ಶಾಸಕರೇ, ಮುರಿಯುತ್ತ ಬಂದವರೂ ಅವರೇ. ವರ್ಷಕ್ಕೆ 60 ಹಾಜರಾತಿಯಿದ್ದರೆ ಮಿಲ್ಲಿನ ಮಸ್ಟರಿನಲ್ಲಿ ಯಾರ ಹೆಸರು ಉಳಿದೀತು? ಬರುವ ಅಧಿವೇಶನಕ್ಕೆ ಮುಂಚೆ ಮಿಲ್ಲಿನ ಸಂಘದಿಂದ ಐವರು, ವರ್ತಕರ ಸಂಘದಿಂದ ಐವರು ನಮ್ಮ ಶಾಸಕರ ಮನೆಗೆ ಹೋಗಿ ಮೂರು ವಿವರ ಬರೆಸಿಕೊಂಡು ಬರೋಣ: ಕಳೆದ ವರ್ಷ ಸಭೆ ಎಷ್ಟು ದಿನ ಸೇರಿತು, ತಾವು ಎಷ್ಟು ದಿನ ಹಾಜರಿದ್ದಿರಿ, ಕೇಳಿದ ಪ್ರಶ್ನೆಗಳು ಯಾವುವು. ಅವರು ಕೊಟ್ಟ ಉತ್ತರವನ್ನು, ಕೊಡದಿದ್ದರೆ ಕೊಡಲಿಲ್ಲವೆಂಬುದನ್ನು, ಇದೇ ಪತ್ರಿಕೆಯಲ್ಲಿ ಅಚ್ಚು ಹಾಕುತ್ತೇವೆ.